ಎರಡು ಬಾಕ್ಸಿನ ನಡುವಿನ ವಯರು

ಹಂಪಸಾಗರದ ಸಂಗೀತಾ ಗಿಟಾರ್ ಹಿಡಿಯಲು ಕಲಿತದ್ದು ಹೊಸಪೇಟೆಯ ಕಾಲೇಜಿನಲ್ಲಿ, ಗೆಳತಿಯೊಬ್ಬಳಿಂದ. ಧಾಟಿ ಕಲಿತದ್ದು ಮಾತ್ರ ಅವ್ವ ದ್ಯಾಮಕ್ಕನಿಂದ. ಕುರಿಹಟ್ಟಿಯ ಮುಂದೆ ಕೂತು ಅವ್ವ ಹೇಳುತ್ತಿದ್ದ ಬೀರಪ್ಪ ದೇವರ ಪದವೊಂದನ್ನು ಅವಳು ತಿದ್ದಿ ತೀಡಿ ಗಿಟಾರಿಗೆ ಇಳಿಸಿಕೊಂಡಿದ್ದಳು. ಹಗರಿಬೊಮ್ಮನಹಳ್ಳಿಯ ಸ್ಟೇಷನರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುವಾಗಲೂ ಅವಳ ತಲೆಯಲ್ಲಿ ಒಂದೇ ಗುಂಗು: ಆ ಪದವನ್ನು ತುಂಬಿದ ಸಭೆಯಲ್ಲಿ ಒಮ್ಮೆ ಬಾರಿಸಬೇಕು. ಹಾಗಾಗಿ ಕೊಟ್ಟೂರಿನ ಸಂಗೀತ ಬಳಗದವರು ವಾರ್ಷಿಕೋತ್ಸವಕ್ಕೆ ಕರೆದಾಗ ಅವಳು ಹಿಂದುಮುಂದು ನೋಡದೆ ಹೂಂ ಅಂದಳು.

ಬಳಗದ ಅಧ್ಯಕ್ಷರು ಮರುಳಪ್ಪನವರು, ಮೆಕ್ಕೆಜೋಳದ ವ್ಯಾಪಾರಿ. ಸಂಗೀತವೆಂದರೆ ತಮಗೆ ಪ್ರಾಣ ಎಂದು ಅವರೇ ಹೇಳಿಕೊಳ್ಳುತ್ತಿದ್ದರು. ಆದರೆ ಹಾಡು ಶುರುವಾಗುವ ಹೊತ್ತಿಗೇ ಅವರಿಗೊಂದು ಫೋನು ಬರುತ್ತಿತ್ತು, ಹಾಡು ಮುಗಿದ ಮೇಲೆ ಒಳಗೆ ಬಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಮಾಜಿ ಅಧ್ಯಕ್ಷರು ಗುರುಸಂಗಪ್ಪನವರು, ಸಿಮೆಂಟು ಕಬ್ಬಿಣದ ಅಂಗಡಿಯವರು. ಇಬ್ಬರೂ ದೂರದ ನೆಂಟರು, ಹತ್ತಿರದ ವೈರಿಗಳು. ಬಳಗದ ಕೋಣೆಯ ಟ್ಯೂಬ್‌ಲೈಟಿನ ಮೇಲೆ ಮರುಳಪ್ಪನವರ ಹೆಸರು ಎಷ್ಟು ದಪ್ಪಗೆ ಬರೆದಿತ್ತೆಂದರೆ ಬೆಳಕು ಸಂದಿಯಲ್ಲಿ ತೂರಿ ಬರಬೇಕಿತ್ತು. ಫ್ಯಾನಿನ ಮೂರೂ ರೆಕ್ಕೆಯ ಮೇಲೆ ಗುರುಸಂಗಪ್ಪನವರ ಹೆಸರಿತ್ತು. ತಿರುಗಿದರೆ ಹೆಸರು ಕಾಣುವುದಿಲ್ಲವಲ್ಲ, ಅದಕ್ಕೆ ಅವರು ಬಂದಾಗಲೆಲ್ಲ ಫ್ಯಾನು ಬಂದ್ ಮಾಡಿ ಎಲ್ಲರೂ ಬೆವರುತ್ತ ಕೂರುತ್ತಿದ್ದರು.

ಈ ಸಲ ಗಿಟಾರ್ ಕಾರ್ಯಕ್ರಮ ಉಂಟೆಂದು ಗೊತ್ತಾದದ್ದೇ ತಡ, ಮರುಳಪ್ಪನವರು ಒಂದು ಗಿಟಾರ್ ಆಂಪ್ಲಿಫೈಯರ್ ದಾನ ಕೊಟ್ಟರು. ಸುದ್ದಿ ತಿಳಿದ ಗುರುಸಂಗಪ್ಪನವರು ಅದಕ್ಕಿಂತ ನಾಲ್ಕು ಪಟ್ಟು ದೊಡ್ಡದನ್ನು ಟಂಟಂ ಆಟೋದಲ್ಲಿ ಹೇರಿ ಕಳಿಸಿದರು. ಯಾವುದರಲ್ಲಿ ಬಾರಿಸಬೇಕೆಂದು ಸಂಗೀತಾ ಕಾರ್ಯದರ್ಶಿ ಅರುಣಕುಮಾರನನ್ನು ಕೇಳಿದಳು.

"ಅದನ್ನ ನನ್ನ ಕೇಳಬ್ಯಾಡ್ರಿ ಮೇಡಂ. ನನಗೆ ಇಬ್ಬರ ಮನಿಯಾಗೂ ಊಟ ಐತಿ," ಅಂದ ಅವನು.

ಕಾರ್ಯಕ್ರಮದ ಹಿಂದಿನ ದಿನ ಬಳಗದ ಕೋಣೆಯಲ್ಲಿ ನಡೆದ ತಾಲೀಮಿನಲ್ಲಿ ಅವಳು ಎರಡರಲ್ಲೂ ಬಾರಿಸಿ ನೋಡಿದಳು. ಸಣ್ಣದರ ದನಿ ಕೆನೆಹಾಲಿನಂತಿತ್ತು, ಆದರೆ ಮೂರನೇ ಸಾಲು ದಾಟುತ್ತಿರಲಿಲ್ಲ. ದೊಡ್ಡದು ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು, ಆದರೆ ತಗಡಿನ ಮೇಲೆ ಜಲ್ಲಿ ಸುರಿದ ಹಾಗೆ. ಸಂಗೀತಾ ಎರಡರ ಬೆನ್ನನ್ನೂ ತಿರುಗಿಸಿ ನೋಡಿದಳು. ಆಂಪ್ಲಿಫೈಯರ್ ಪೆಟ್ಟಿಗೆಯೊಳಗೆ ಕೆಲಸ ಎರಡು ಪಾಲು. ಮೊದಲ ಪಾಲು ದನಿಗೆ ರುಚಿ ಕೊಡುತ್ತದೆ, ಎರಡನೆಯದು ಬಲ ಕೊಟ್ಟು ಹೊರಗೆ ತಳ್ಳುತ್ತದೆ. ನಡುವೆ ದನಿಯನ್ನು ಹೊರಗೆ ತೆಗೆಯುವುದಕ್ಕೂ ಒಳಗೆ ಬಿಡುವುದಕ್ಕೂ ಹಿಂದುಗಡೆ ತೂತುಗಳಿರುತ್ತವೆ. ಅವಳು ಸಣ್ಣದರಿಂದ ರುಚಿಗೂಡಿದ ದನಿಯನ್ನು ಒಂದು ವಯರಿನಲ್ಲಿ ತೆಗೆದು ದೊಡ್ಡದರ ಎರಡನೇ ಪಾಲಿಗೆ ನೇರ ಕೊಟ್ಟಳು. ತಂತಿ ಮೀಟಿದಳು. ಕೆನೆಹಾಲು ಕೋಣೆ ತುಂಬ ಉಕ್ಕಿತು. ಖುಷಿಗೆ ಅವಳು ಇನ್ನೊಮ್ಮೆ ಮೀಟಿದಳು.

"ಅಬ್ಬಾ, ಇದು ಯಾರ ಬಾಕ್ಸಿನ ಸೌಂಡ್ರಿ?" ಎಂದ ಅರುಣಕುಮಾರ.

"ಇಬ್ಬರದೂ," ಅಂದಳು ಸಂಗೀತಾ. ತಾನು ಜಾಣತನದ ಉತ್ತರ ಕೊಟ್ಟೆನೆಂದು ಅವಳು ತಿಳಿದಿದ್ದಳು.

ಅರುಣಕುಮಾರನ ಬಾಯಿಂದ ಸುದ್ದಿ ಹೋಗಿ ಅರ್ಧ ಗಂಟೆಯೊಳಗೆ ಇಬ್ಬರೂ ದಾನಿಗಳು ಕೋಣೆಯಲ್ಲಿದ್ದರು. ಫ್ಯಾನು ಬಂದಾಯಿತು.

"ರುಚಿ ನಂದು ಅಂದ ಮ್ಯಾಲೆ ಮೊದಲ ಹೆಸರು ನಂದು," ಎಂದರು ಮರುಳಪ್ಪನವರು.

"ಶಕ್ತಿ ಇಲ್ಲದ ರುಚಿ ತಗೊಂಡು ಏನ್ ಮಾಡ್ತೀರಿ? ನೆಕ್ಕತೀರೇನು?" ಎಂದರು ಗುರುಸಂಗಪ್ಪನವರು. "ಜನರ ಕಿವಿಗೆ ಮುಟ್ಟಿಸಾದು ನನ್ನ ಬಾಕ್ಸು."

"ಹಂಗಾದ್ರ ಆ ವಯರ್ ಕಿತ್ತು ಹಾಕಮ್ಮ. ಯಾರದು ಏನಂತ ಗೊತ್ತಾಗ್ಲಿ," ಎಂದರು ಮರುಳಪ್ಪನವರು.

ಸಂಗೀತಾ ವಯರ್ ಕಿತ್ತಳು. ಸಣ್ಣ ಪೆಟ್ಟಿಗೆ ಸೊಳ್ಳೆಯಂತೆ ಗುಂಯ್‌ಗುಟ್ಟಿತು. ಮರುಳಪ್ಪನವರು ಅದಕ್ಕೆ ಕಿವಿ ಹಚ್ಚಿ, "ಎಷ್ಟ್ ನಾಜೂಕು ಐತಿ ನೋಡ್ರಿ," ಅಂದರು. ಗಿಟಾರನ್ನು ದೊಡ್ಡದಕ್ಕೇ ಸಿಕ್ಕಿಸಿದಳು. ಹೊರಗೆ ಮಲಗಿದ್ದ ನಾಯಿ ಎದ್ದು ಓಡಿತು. "ಗಂಡು ದನಿ ಅಂದ್ರ ಇದು," ಅಂದರು ಗುರುಸಂಗಪ್ಪನವರು. ಆಮೇಲೆ ಇಬ್ಬರೂ ಬೇರೆ ಬೇರೆ ಗೋಡೆ ನೋಡುತ್ತ, ವಯರು ಇರಲಿ ಎಂದು ಗೊಣಗಿದರು.

ವಯರು ಹಾಕಿದ ಮೇಲೆ ಜಗಳ ಮತ್ತೆ ಹೆಸರಿಗೇ ಬಂದು ನಿಂತಿತು. ಆಗ ಬಾಗಿಲಲ್ಲಿ ನಿಂತಿದ್ದ ಬೊಮ್ಮಪ್ಪ ಕೆಮ್ಮಿದ. ಬೊಮ್ಮಪ್ಪ ಬರುವ ಚುನಾವಣೆಯಲ್ಲಿ ಪಟ್ಟಣ ಪಂಚಾಯಿತಿಗೆ ನಿಲ್ಲುವವನು. ಅಲ್ಲಿಯವರೆಗೆ ಎಲ್ಲ ಬಾಗಿಲಲ್ಲೂ ನಿಲ್ಲುತ್ತಿದ್ದ.

"ಅಲ್ರಿ ಹಿರಿಯರಾ, ಇಬ್ಬರನ್ನೂ ಕೂಡ್ಸಿದ್ದು ಆ ವಯರ್ ಅಲ್ಲೇನ್ರಿ? ಅದು ಯಾರದು?"

"ನಂದು," ಅಂದಳು ಸಂಗೀತಾ.

"ಛೇ, ಕಲಾವಿದರ ಕೈಲೆ ವಯರ್ ತರ್ಸಾದು ಊರಿಗೇ ಅವಮಾನ. ನಾನು ಕೊಡ್ತೀನಿ," ಅಂದ ಬೊಮ್ಮಪ್ಪ.

ಇಬ್ಬರೂ ಹಿರಿಯರಿಗೆ ಇದು ಹಿಡಿಸಿತು. ಎದುರಾಳಿಯ ಹೆಸರು ಮೊದಲು ಬರುವುದಕ್ಕಿಂತ ಬೊಮ್ಮಪ್ಪನ ಹೆಸರು ಬರುವುದು ಮೇಲು. ಹೀಗೆ ಕಾರ್ಯಕ್ರಮಕ್ಕೆ ಹೊಸದೊಂದು ಅಂಶ ಸೇರಿತು, ವಯರ್ ಲೋಕಾರ್ಪಣೆ.

ಭಾನುವಾರ ಬೆಳಿಗ್ಗೆ ಕಲ್ಯಾಣ ಮಂಟಪ ತುಂಬಿತ್ತು. ಮಧ್ಯಾಹ್ನ ಊಟಕ್ಕೆ ಹೋಳಿಗೆ ಎಂಬ ಸುದ್ದಿ ಊರಲ್ಲಿ ಹಬ್ಬಿದ್ದೂ ಅದಕ್ಕೆ ಕಾರಣವಿರಬಹುದು. ದ್ಯಾಮಕ್ಕ ಬಸ್ಸು ಹಿಡಿದು ಬಂದು, ತಲೆ ಮೇಲೆ ಸೆರಗು ಹೊದ್ದು, ಎರಡನೇ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತಿದ್ದಳು. ವೇದಿಕೆಯ ಮೇಲೆ ಎರಡು ಪೆಟ್ಟಿಗೆಗಳಿಗೂ ಮಾಲೆ ಬಿದ್ದಿತ್ತು. ನಡುವಿನ ವಯರಿಗೆ ಬೊಮ್ಮಪ್ಪ ತನ್ನ ಹೆಸರಿನ ಹಿತ್ತಾಳೆ ಬಿಲ್ಲೆ ಕಟ್ಟಿಸಿದ್ದ. ಅದರ ಭಾರಕ್ಕೆ ವಯರು ಬಗ್ಗಿ ನೆಲ ಮುಟ್ಟಿತ್ತು.

ಮೊದಲು ಮರುಳಪ್ಪನವರು ಮಾತಾಡಿದರು. ಸಂಗೀತಕ್ಕೆ ರುಚಿ ಮುಖ್ಯ ಎಂದು ಶುರು ಮಾಡಿ ಮೆಕ್ಕೆಜೋಳದ ತೇವಾಂಶಕ್ಕೆ ಹೋದರು. ಗುರುಸಂಗಪ್ಪನವರು ಎದ್ದು, ಪಾಯ ಗಟ್ಟಿ ಇದ್ದರೆ ತಾನೇ ಮನೆ ಎಂದು ಸಿಮೆಂಟಿಗೆ ಬಂದರು. ಬೊಮ್ಮಪ್ಪ ತನ್ನನ್ನು ವಯರಿಗೆ ಹೋಲಿಸಿಕೊಂಡ. "ನಾನು ಕಾಣೂದಿಲ್ಲ, ಆದ್ರ ನಾ ಇಲ್ದಿದ್ರ ಏನೂ ಕೇಳೂದಿಲ್ಲ," ಎಂದು ಮುಕ್ಕಾಲು ಗಂಟೆ ಕಾಣಿಸಿಕೊಂಡ. ಆಮೇಲೆ ಮೂವರಿಗೂ ಶಾಲು, ಹಾರ, ಹಣ್ಣಿನ ಬುಟ್ಟಿ. ಶಾಲು ಹೊದಿಸಿದವರಿಗೆ ಶಾಲು. ಸಂಗೀತಾ ಗಿಟಾರ್ ತೊಡೆಯ ಮೇಲಿಟ್ಟುಕೊಂಡು ಪರದೆಯ ಪಕ್ಕ ಕೂತೇ ಇದ್ದಳು. ತಂತಿ ಮೂರು ಸಲ ಶ್ರುತಿ ಮಾಡಿದಳು. ಸಿಟ್ಟು ಬಂದರೂ ಮುಖದ ಮೇಲೆ ನಗು ಇಟ್ಟುಕೊಳ್ಳಬೇಕಿತ್ತು. ಫೋಟೋ ತೆಗೆಯುತ್ತಿದ್ದರು.

ಸಂಜೆ ಅದೇ ಮಂಟಪದಲ್ಲಿ ಮದುವೆಯ ದೇವರೂಟವಿತ್ತು. ಮಂಟಪದ ಮ್ಯಾನೇಜರ್ ಮೈಲಪ್ಪ ಬಾಗಿಲಲ್ಲಿ ನಿಂತು ಗಡಿಯಾರ ತೋರಿಸತೊಡಗಿದ ಮೇಲೆಯೇ ಅರುಣಕುಮಾರ ಮೈಕಿನಲ್ಲಿ, "ಈಗ ಸಂಗೀತ," ಎಂದ. ಮರುಳಪ್ಪನವರಿಗೆ ಫೋನು ಬಂತು. ಅವರು ಎದ್ದು ಹೋದರು.

ಸಂಗೀತಾ ಕಣ್ಣು ಮುಚ್ಚಿ ಬಾರಿಸಿದಳು. ಪದದ ಮೊದಲ ನುಡಿ ಮಂಟಪದ ಕೊನೆಯ ಕಂಬದವರೆಗೂ ತಣ್ಣಗೆ ಹರಿಯಿತು. ಹಿಂದುಗಡೆ ಎಲೆ ಹಾಸುತ್ತಿದ್ದವರ ಕೈ ಒಂದು ಗಳಿಗೆ ನಿಂತಿತು. ಅವಳು ಅಂದುಕೊಂಡಿದ್ದ ದನಿ ಇದೇ. ಎರಡನೇ ನುಡಿಗೆ ಬಂದಳು. ಮೂರನೆಯದರಲ್ಲಿ ಧಾಟಿ ಮೇಲಕ್ಕೇರಿ ಬೀರಪ್ಪ ತನ್ನ ಅಕ್ಕ ಮಾಯವ್ವನನ್ನು ಕರೆಯುವ ಕಡೆ ಬಂದಾಗ, ಮೈಲಪ್ಪ ಮೇನ್ ಸ್ವಿಚ್ ಇಳಿಸಿದ.

ದನಿ ಕತ್ತರಿಸಿದಂತೆ ನಿಂತಿತು. ಜನ ಅದನ್ನೇ ಮುಕ್ತಾಯ ಎಂದುಕೊಂಡು ಎದ್ದು ನಿಂತು ಚಪ್ಪಾಳೆ ಹೊಡೆದರು. ಇಂಥ ಮುಕ್ತಾಯ ತಾವು ಜನ್ಮದಲ್ಲಿ ಕೇಳಿಲ್ಲ ಎಂದು ಹೊರಗಿನಿಂದ ಓಡಿ ಬಂದ ಮರುಳಪ್ಪನವರು ಅವಳ ಕೈ ಕುಲುಕಿದರು. ಅಷ್ಟರಲ್ಲಿ ಜನ ಎಲೆಯ ಕಡೆ ಹೋಗಿಯಾಗಿತ್ತು.

ದ್ಯಾಮಕ್ಕ ಒಬ್ಬಳೇ ಕುರ್ಚಿ ಬಿಟ್ಟು ಎದ್ದಿರಲಿಲ್ಲ.

"ಯಾಕ ನಿಲ್ಲಿಸಿದೆ? ಇನ್ನಾ ಎರಡು ನುಡಿ ಅದಾವಲ್ಲ," ಅಂದಳು.

"ಕರೆಂಟ್ ತೆಗೆದ್ರವ್ವ."

"ನಿನಗ ಬಾರಿಸಾಕ ಕರೆಂಟ್ ಬೇಕು. ಅವರು ಅಷ್ಟ್ ಹೊತ್ತು ಮಾತಾಡಿದ್ರಲ್ಲ, ಆಗ ಯಾಕ ಯಾರೂ ತೆಗಿಲಿಲ್ಲ?"

ಸಂಗೀತಾಗೆ ಅಳು ಬರಬೇಕಿತ್ತು, ನಗು ಬಂತು. ತಾಯಿ ಮಗಳು ಹೋಳಿಗೆ ಉಂಡೇ ಬಂದರು.

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಮೂವರು ದಾನಿಗಳು ವಯರನ್ನು ಹಾವು ಹಿಡಿದಂತೆ ಎತ್ತಿ ಹಿಡಿದಿದ್ದರು. ಕೆಳಗೆ, 'ಸಂಗೀತ ಲೋಕಕ್ಕೆ ಹೊಸ ಶಕ್ತಿ'. ಫೋಟೋದ ಅಂಚಿನಲ್ಲಿ ಗಿಟಾರಿನ ತುದಿಯೊಂದು ಇಣುಕುತ್ತಿತ್ತು. ದ್ಯಾಮಕ್ಕ ಅದರ ಮೇಲೆ ಬೆರಳಿಟ್ಟು, "ಇದು ನೀನಾ ಅಲ್ಲ?" ಎಂದು ಮಗಳನ್ನು ಕೇಳಿ, ಅಕ್ಕಪಕ್ಕದ ಮನೆಯವರಿಗೆಲ್ಲ ತೋರಿಸಿಕೊಂಡು ಬಂದಳು.

ವಾರದ ನಂತರ ಹರಪನಹಳ್ಳಿಯಿಂದ ಫೋನು ಬಂತು. ಮಹಿಳಾ ಸಂಘದ ಅಧ್ಯಕ್ಷೆ ದಾಕ್ಷಾಯಣಮ್ಮನವರು.

"ಪೇಪರ್‌ನಾಗೆ ನೋಡಿದ್ವಮ್ಮ. ಅದೇ ಥರ ನಮ್ಮಲ್ಲೂ ಮಾಡಬೇಕು. ನಮ್ಮಲ್ಲಿ ದಾನಿಗಳು ಐದು ಜನ ಇದಾರೆ. ಐದು ಬಾಕ್ಸ್ ಜೋಡಿಸೋಕೆ ಬರುತ್ತೇನು?"

ಸಂಗೀತಾ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಎದುರಿಗೆ ಪಾಠಕ್ಕೆ ಬಂದ ಮಕ್ಕಳು ತಪ್ಪು ತಂತಿ ಮೀಟುತ್ತಿದ್ದರು.

"ಎಷ್ಟು ಬೇಕಾದ್ರೂ ಜೋಡಿಸ್ತೀನ್ರಿ ಅಮ್ಮಾ," ಅಂದಳು. "ಒಂದೇ ಮಾತು. ಮೊದ್ಲು ನಾನು ಬಾರಿಸಾಕಿ. ಐದೂ ನುಡಿ. ಭಾಷಣ ಆಮ್ಯಾಲೆ."

ಆ ಕಡೆ ಗುಸುಗುಸು ನಡೆಯಿತು. ಕೊನೆಗೆ ದಾಕ್ಷಾಯಣಮ್ಮನವರ ದನಿ ಬಂತು.

"ಆಗ್ಲಿ. ಆದ್ರೆ ಒಂದೊಂದು ನುಡಿಗೆ ಒಬ್ಬೊಬ್ಬ ದಾನಿ ಹೆಸರು ಇಡಬೋದಾ?"