ನೀರು ಬಂದ ಮುಂಜಾನೆಯ ಕ್ಲಾಸು

ಮೂರನೆಯ ಕೊಡವನ್ನು ಡ್ರಮ್ಮಿಗೆ ಸುರಿದು ಶಿವಲಿಂಗವ್ವ ನಾಲ್ಕನೆಯದನ್ನು ನಳದ ಕೆಳಗಿಟ್ಟಳು. ಎಂಟು ದಿನಕ್ಕೊಮ್ಮೆ ಬರುವ ನೀರು. ಬಂದಾಗ ಗಬ್ಬೂರಿನ ಓಣಿಯಲ್ಲಿ ಯಾರಿಗೂ ಬೇರೆ ಕೆಲಸವಿಲ್ಲ. ಮೂರು ವರ್ಷದ ಹಿಂದಾಗಿದ್ದರೆ ಎರಡನೆಯ ಕೊಡಕ್ಕೇ ಸೊಂಟ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತುಬಿಡುತ್ತಿದ್ದಳು. ಈಗ ಅರವತ್ತನಾಲ್ಕರಲ್ಲಿ ಮೊಣಕಾಲು ಮಡಚಿ, ಬೆನ್ನು ನೆಟ್ಟಗಿಟ್ಟು ಎತ್ತುತ್ತಾಳೆ. ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲಿನ ಯೋಗದ ಕ್ಲಾಸಿಗೆ ಒಂದು ದಿನವೂ ತಪ್ಪದೆ ಹೋದದ್ದರ ಫಲ ಅದು.

ಫೋನು ಬಡಿದುಕೊಂಡಿತು. ಯೋಗ ಕಲಿಸುವ ಧನಶ್ರೀ.

"ಶಿವಲಿಂಗವ್ವಾರ, ನಮ್ಮ ಓಣ್ಯಾಗೂ ಈಗ ನೀರ ಬಂದಾವ್ರಿ. ಮನ್ಯಾಗ ನಾ ಒಬ್ಬಾಕಿನ ಅದೇನಿ. ಕ್ಲಾಸಿನ ಕೀಲಿ ನಿಮ್ಮ ಹತ್ರನ ಐತೆಲ್ಲ, ಇವತ್ತ ನೀವ ಮಾಡಸ್ರಿ."

"ನನ್ನ ಮಾತ ಯಾರ ಕೇಳತಾರವಾ?"

"ಕೇಳತಾರೋ ಇಲ್ಲೋ, ಇವತ್ತ ಗೊತ್ತ ಆಕ್ಕೇತಿ ಬಿಡ್ರಿ," ಎಂದು ನಕ್ಕು ಆಕೆ ಫೋನ್ ಇಟ್ಟಳು.

ಆ ಮಾತು ನೇರ ಗುರಿಗೇ ತಾಗಿತು. ಹಿರಿಯ ಹೆಂಗಸರಿಗೆ ಯೋಗ ಕಲಿಸುವವರನ್ನು ಧಾರವಾಡದ ಒಂದು ಕೇಂದ್ರ ತಯಾರು ಮಾಡುತ್ತಿತ್ತು. ಸೇರಬೇಕೆನ್ನುವವರು ತಮ್ಮ ಕೈಯಿಂದಲೇ ಪತ್ರ ಬರೆಯಬೇಕು: ಎಷ್ಟು ವರ್ಷದ ಅಭ್ಯಾಸ, ಮತ್ತೊಬ್ಬರಿಗೆ ಮಾಡಿಸಿದ್ದುಂಟೇ? ಮೊದಲನೆಯ ಪ್ರಶ್ನೆಗೆ ಶಿವಲಿಂಗವ್ವ ಎರಡು ಪುಟ ತುಂಬಿಸಿದ್ದಳು. ಎರಡನೆಯದಕ್ಕೆ ಬರೆಯಲು ಏನೂ ಇರಲಿಲ್ಲ, ಸುಳ್ಳು ಬರೆಯಲು ಮನಸ್ಸಿರಲಿಲ್ಲ. ಏಳು ತಿಂಗಳಿಂದ ಪತ್ರ ಸೀರೆಗಳ ಕೆಳಗೇ ಇತ್ತು. ಅಷ್ಟರಲ್ಲಿ ಎರಡು ತಂಡ ಕಲಿತು ಹೊರಬಿದ್ದಿದ್ದವು.

ಡ್ರಮ್ಮು ತುಂಬಿಸಿ ಮುಚ್ಚಳ ಹಾಕಿ ಹೊರಟಳು.

ನೀರಿನ ದಿನವಾದ್ದರಿಂದ ಐದೇ ಜನ ಬಂದಿದ್ದರು. ಆಕೆ ಮುಂದೆ ಹೋಗಿ ನಿಂತದ್ದೇ ತಡ, ಹೈಸ್ಕೂಲು ಟೀಚರು ರಜನಿ ಶುರು ಮಾಡಿದಳು.

"ಏನ್ರಿ, ಇವತ್ತ ನಮ್ಮ ಅಜ್ಜಿನ ಗುರುಗಳಾದ್ರು! ಫೋಟೊ ಹೊಡೀಲೇನ್ರಿ?"

"ಹೊಡೀರಂತ ಟೀಚರ, ಮೊದಲ ಮೊಣಕಾಲ ನೆಟ್ಟಗ ಮಾಡ್ರಿ."

ಮೊದಲೆರಡು ಆಸನದಲ್ಲಿ ಉಸಿರಿನ ಎಣಿಕೆ ತಪ್ಪಿತು. ಮೂರನೆಯದಕ್ಕೆ ಹದಕ್ಕೆ ಬಂತು. ತೊಡಕು ಬಂದದ್ದು ಕೊನೆಗೆ, ಶವಾಸನದಲ್ಲಿ. ಸುಳ್ಳ ಎಂಬ ಹಳ್ಳಿಯಿಂದ ಹೊಸದಾಗಿ ಈ ಓಣಿಗೆ ಬಂದಿದ್ದ ಗುಡ್ಡವ್ವ ಚಾಪೆಯ ಮೇಲೆ ಎದ್ದು ಕೂತಳು.

"ಒಲ್ಲೆವಾ ನಾ. ಹೆಣದಂಗ ಮಲಗೂದಂತ, ಅದೂ ಉತ್ತರಕ್ಕ ತಲಿ ಮಾಡಿ! ನಮ್ಮ ಅತ್ತಿಗೆ ಗೊತ್ತಾದ್ರ ಹೊಸ್ತಿಲ ದಾಟಗೊಡಂಗಿಲ್ಲ."

"ಅದೆಲ್ಲ ಮೂಢನಂಬಿಕಿ, ಸುಮ್ನ ಮಲಗ್ರಿ," ಎಂದಳು ರಜನಿ. ಗುಡ್ಡವ್ವನ ಮುಖ ಕೆಂಪಾಯಿತು. ಚಾಪೆ ಸುತ್ತಿಕೊಂಡು ಬಾಗಿಲ ತನಕ ನಡೆದೇಬಿಟ್ಟಳು. ಉಳಿದವರಲ್ಲೂ ಇಬ್ಬರು ಎದ್ದು ಕೂತರು.

ಶಿವಲಿಂಗವ್ವ ಅವಸರ ಮಾಡಲಿಲ್ಲ. ಪದ್ಮಾಸನದಲ್ಲಿ ಕೂತಲ್ಲಿಂದಲೇ ಕೂಗಿದಳು.

"ಗುಡ್ಡವ್ವಾ, ಒಂದ್ ಮಾತ ಕೇಳಿ ಹೋಗು. ನಮ್ಮವ್ರು ಸತ್ರ ಪದ್ಮಾಸನದಾಗ ಕೂಡಿಸಿ ಮಣ್ಣ ಕೊಡತಾರ. ಹಂಗ ನೋಡಿದ್ರ ಹಿಂಗ ಇಲ್ಲಿ ಕೂತಾಕಿ ನಾನ ಹೆಣ. ನೀ ಮಲಗಿದ್ರ, ನೀರ ತುಂಬಿ ದಣದಾಕಿ ಅಷ್ಟ."

"ಎವ್ವಾ, ಎಂಥಾ ಮಾತರಿ ನಿಮ್ದು!" ಗುಡ್ಡವ್ವ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ.

"ಎಲ್ಲಾರೂ ಚಾಪಿ ತಿರಗಸ್ರಿ. ಮೂಡಣಕ್ಕ ತಲಿ. ದಿಕ್ಕ ಬದಲಾದ್ರ ಬೆನ್ನೇನ ಸಿಟ್ಟಾಗಂಗಿಲ್ಲ."

ಗುಡ್ಡವ್ವ ಮರಳಿ ಬಂದು ತನ್ನ ಚಾಪೆ ಬಿಚ್ಚಿದಳು. ಉಳಿದ ಚಾಪೆಗಳೂ ಸರಿದವು. ಎಲ್ಲರಿಗಿಂತ ಕಡೆಗೆ ರಜನಿಯದೂ ತಿರುಗಿತು.

"ಕಾಲಬೆರಳ ಸಡಲ ಬಿಡ್ರಿ. ಹೊಟ್ಟಿ ಬಿಡ್ರಿ. ದವಡಿ ಬಿಗಿಹಿಡದೀರಿ ಟೀಚರ, ಬಿಡ್ರಿ ಅದನ್ನ. ಇಲ್ಲೆ ಯಾರೂ ಗದ್ದಲ ಮಾಡಾಕತ್ತಿಲ್ಲ."

ರಜನಿಯ ದವಡೆ ಸಡಿಲವಾದದ್ದು ಶಿವಲಿಂಗವ್ವನಿಗೆ ಕಂಡಿತು. ಸ್ವಲ್ಪ ಹೊತ್ತಿಗೆ ಗುಡ್ಡವ್ವನ ಗೊರಕೆ ಎದ್ದಿತು. ಒಬ್ಬರೂ ನಗಲಿಲ್ಲ, ಕಣ್ಣು ತೆರೆಯಲಿಲ್ಲ.

ಚಪ್ಪಲಿ ಮೆಟ್ಟುವಾಗ ರಜನಿ ಹತ್ತಿರ ಬಂದು, "ನಾಳೆ ಧನಶ್ರೀ ಬಂದ್ರೂ ಕಡೀದಷ್ಟ ನೀವ ಮಾಡಸ್ರಿ," ಎಂದಳು, ಯಾರಿಗೂ ಕೇಳಿಸದ ಹಾಗೆ.

ಮನೆಗೆ ಬಂದು ಶಿವಲಿಂಗವ್ವ ಪತ್ರ ತೆಗೆದಳು. ಖಾಲಿ ಬಿಟ್ಟಿದ್ದ ಜಾಗದಲ್ಲಿ ದುಂಡಗೆ ಬರೆದಳು: "ಇಂದು ಮುಂಜಾನೆ ಐವರಿಗೆ ಮಾಡಿಸಿದೆನು. ಒಬ್ಬರು ಎದ್ದು ಹೊರಟಿದ್ದರು, ತಿರುಗಿ ಬಂದರು."

ಅಂಚೆ ಕಚೇರಿಯ ಹುಡುಗಿ ವಿಳಾಸ ಓದಿ ಕೇಳಿದಳು. "ಧಾರವಾಡಕ್ಕೇನ್ರಿ ಆಯಿ? ಬಸ್ಸಿಗೆ ಹೋಗಿ ಕೊಟ್ಟ ಬಂದ್ರ ಆಗತಿತ್ತಲ್ಲ."

"ಹೋಗೂದ ಐತೇಳವಾ, ಕಲಿಯಾಕ. ನೀ ಮೊದಲ ಇದಕ್ಕ ಮುದ್ರಿ ಹೊಡಿ."

ಮುದ್ರೆ ಬಿತ್ತು. ಪತ್ರ ಚೀಲದೊಳಗೆ ಹೋಗುವ ತನಕ ಶಿವಲಿಂಗವ್ವ ಕೌಂಟರಿನ ಮುಂದೆ ನೆಟ್ಟಗೆ ನಿಂತಿದ್ದಳು.