ಉಪ್ಪಿಲ್ಲದ ಮಾಂಸ

ಐದು ವರ್ಷದ ಚಕ್ರವರ್ತಿಯ ಹೆಸರಿನಲ್ಲಿ ರಾಜ್ಯವಾಳಲು ನನ್ನ ಚಿಕ್ಕಪ್ಪ ಸುಂಗ್ತಾಯ್ ಅವರನ್ನು ರಾಜಪ್ರತಿನಿಧಿಯಾಗಿ ಮಾಡಿದ ದಿನ ಅಪ್ಪ ತಮ್ಮನ ಮುಂದೆ ಮಂಡಿಯೂರಿ ಮನೆಗೆ ಬಂದು, ಬಿಲ್ಲಿಗೆ ಎಣ್ಣೆ ಹಚ್ಚುತ್ತ ಕೂತರು. ಆದರೆ ವರ್ಷಕ್ಕೊಮ್ಮೆ ಹಿರಿಯರಿಗೆ ಹಂದಿ ಬಲಿಕೊಟ್ಟು ಹಂಡೆಯಲ್ಲಿ ಬೇಯಿಸುವ ಪೂಜೆಯೂ ಚಿಕ್ಕಪ್ಪನ ಅರಮನೆಗೆ ಹೋದಾಗ ಅವರಿಗೆ ತಾಳಲಾಗಲಿಲ್ಲ. ಅದು ಹಿರಿಯ ಮಗನ ಮನೆಯಲ್ಲಿ ನಡೆಯಬೇಕಾದದ್ದು. ನಮ್ಮ ಅಂಗಳ ಸಾಲದು ಎಂದು ಕುಲದವರೇ ಹೇಳಿಬಿಟ್ಟಿದ್ದರು.

“ಪದವಿ ಅವನೇ ಇಟ್ಕೊಳ್ಳಲಿ. ನಮ್ಮಪ್ಪನ ಹಂಡೆ ಯಾಕೆ ಬೇಕು ಅವನಿಗೆ?” ಎಂದು ಅಪ್ಪ ಅಮ್ಮನ ಹತ್ತಿರ ಗೊಣಗಿದರು.

ಪೂಜೆಯ ಬೆಳಿಗ್ಗೆ ನಾನು ಹೆಂಗಸರೊಡನೆ ಪರದೆಯ ಹಿಂದಿದ್ದೆ. ಪಕ್ಕದಲ್ಲಿ ಚಿಕ್ಕಪ್ಪನ ಮಗಳು, ಹೊಸ ತುಪ್ಪಳದ ಅಂಗಿಯಲ್ಲಿ. ಅದನ್ನು ನೋಡಬಾರದೆಂದು ಹಜಾರದ ಕಡೆ ನೋಡಿದೆ. ಗಂಡಸರು ನೆಲದಲ್ಲಿ ಕೂತು, ಬೇಯಿಸಿದ ಮಾಂಸವನ್ನು ತಮ್ಮ ತಮ್ಮ ಚಾಕುವಿನಿಂದ ಕೊಯ್ದು, ಉಪ್ಪಿಲ್ಲದೆ ತಿನ್ನುತ್ತಿದ್ದರು. ಬಂದವರು ಹೆಚ್ಚು ತಿಂದಷ್ಟೂ ಮನೆಯವರಿಗೆ ಮರ್ಯಾದೆ. ಅಪ್ಪ ಮಾತ್ರ ಬೇಕೆಂದೇ ಒಂದೇ ಚೂರನ್ನು ಅಗಿಯುತ್ತಿದ್ದರು.

ಆಗ ಹೊಸ ಅಧಿಕಾರಿಯೊಬ್ಬ ಚಿಕ್ಕಪ್ಪನ ಮುಂದೆ ಮಂಡಿಯೂರಿ, ಊಟಕ್ಕೆ ಕೃತಜ್ಞತೆ ಹೇಳಿದ. ಆ ಮಾಂಸ ಹಿರಿಯರದು. ಅದಕ್ಕೆ ತಿನ್ನಲು ಬಂದವರು ಕೃತಜ್ಞತೆ ಹೇಳುವುದಿಲ್ಲ, ಹೇಳಿದರೂ ಮನೆಯವರು ಸ್ವೀಕರಿಸುವುದಿಲ್ಲ. ಆದರೆ ಚಿಕ್ಕಪ್ಪನಿಗೆ ದಿನವೂ ದರ್ಬಾರಿನಲ್ಲಿ ಅಡ್ಡಬೀಳಿಸಿಕೊಂಡ ಅಭ್ಯಾಸ. ತಲೆಯಾಡಿಸಿ, ಮೇಲೇಳು ಎಂದುಬಿಟ್ಟರು.

ಚಾಕುಗಳು ನಿಂತವು.

“ಸುಂಗ್ತಾಯ್, ಹಿರಿಯರ ಮಾಂಸಕ್ಕೆ ನೀನು ಯಾವಾಗಿಂದ ಯಜಮಾನ ಆದೆ?” ಅಪ್ಪ ಮೆಲ್ಲಗೆ ಕೇಳಿದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಎಂದೂ ಕಂಡಿರಲಿಲ್ಲ.

ಚಿಕ್ಕಪ್ಪನ ಕಿವಿ ಕೆಂಪಾಯಿತು. “ತಪ್ಪಾಯ್ತು ಅಣ್ಣಯ್ಯ. ಬರೋ ವರ್ಷದಿಂದ ಹಂಡೆ ನಿಮ್ಮನೇಲೇ ಇರಲಿ.”

ಮರುವರ್ಷ ನಮ್ಮ ಓಣಿಯ ತುಂಬ ಪೂಜೆಗೆ ಬಂದವರ ಕುದುರೆಗಳು. ಚಿಕ್ಕಪ್ಪ ನಡೆದೇ ಬಂದು, ಎಲ್ಲರಿಗಿಂತ ಕೊನೆಯಲ್ಲಿ ಕೂತರು. ಒಂದು ತಟ್ಟೆ ಮುಗಿಸಿ ಇನ್ನೊಂದು ಕೇಳಿದರು. ಬಂದವರು ಮತ್ತೆ ಕೇಳಿದರೆ ಮನೆಯ ಯಜಮಾನ ಅವರಿಗೆ ಬಾಗಿ ಕೃತಜ್ಞತೆ ಹೇಳಬೇಕು. ಅಪ್ಪ ಬಾಗಿದರು. ಚಿಕ್ಕಪ್ಪ ಮತ್ತೆ ಕೇಳಿದರು. ಅಪ್ಪ ಮತ್ತೆ ಬಾಗಿದರು. ಚಿಕ್ಕಪ್ಪ ಗಡ್ಡಕ್ಕೆ ಕೊಬ್ಬು ಇಳಿಯುವವರೆಗೆ ತಿಂದು, ಪದ್ಧತಿಯಂತೆ ಕೃತಜ್ಞತೆ ಹೇಳದೆ ಎದ್ದುಹೋದರು.

ಹೋಗುತ್ತ ಕುಲದವರೆಲ್ಲ ಚಿಕ್ಕಪ್ಪ ತಿಂದ ಬಗೆಯನ್ನೇ ಹೊಗಳಿದರು. ಅಪ್ಪ ಖಾಲಿ ಹಂಡೆಯ ಹತ್ತಿರ ನಿಂತಿದ್ದರು.

“ತಿನ್ನೋದ್ರಲ್ಲೂ ಅವನೇ ಮುಂದೆ,” ಎಂದರು ಅಮ್ಮನಿಗೆ.