ಸ್ಪಿರಿಟ್ ವಾಸನೆಯ ಕೋಟು

ಚಟ ಮಿದುಳಿನಲ್ಲಿ ಹೇಗೆ ಬೇರು ಬಿಡುತ್ತದೆ ಎಂಬುದನ್ನು ಕಲಿಸುವ ಆ ಪ್ರಯೋಗಾಲಯದಲ್ಲಿ ಹೊಸ ಸಂಶೋಧಕರಿಗೆ ಒಂದು ಸ್ವಾತಂತ್ರ್ಯವಿತ್ತು. ಇಲಿಗೆ ಯಾವ ವಾಸನೆ ಅಭ್ಯಾಸ ಮಾಡಿಸಬೇಕೆಂದು ಅವರೇ ಆರಿಸಿಕೊಳ್ಳಬಹುದಿತ್ತು. ಜೊತೆಯವರು ನಿಂಬೆಯೋ ಲವಂಗವೋ ಎಂದು ತಲೆ ಕೆಡಿಸಿಕೊಂಡರು. ಅವರಲ್ಲೊಬ್ಬಳಾದ ಇವಳು ದೂರ ಯಾಕೆ ಹುಡುಕಬೇಕು ಎಂದುಕೊಂಡು, ದಿನವೂ ಮೇಜು ಒರೆಸುವ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನೇ ಪೆಟ್ಟಿಗೆಯೊಳಗಿಟ್ಟಳು.

ಹತ್ತಿ ಇದ್ದಾಗ ಇಲಿ ಗುಂಡಿ ಒತ್ತಿದರೆ, ಬೆನ್ನಿನ ನಳಿಕೆಯಿಂದ ಒಂದು ಹನಿ ಅಮಲಿನ ಮದ್ದು ರಕ್ತಕ್ಕಿಳಿಯುತ್ತಿತ್ತು. ಆಮೇಲೆ ಹತ್ತಿಯನ್ನೂ ಅಮಲನ್ನೂ ನಿಲ್ಲಿಸಿದಳು. ಕೆಲವು ವಾರ ಕಳೆಯುವಷ್ಟರಲ್ಲಿ ಇಲಿ ಗುಂಡಿಯ ಕಡೆ ತಿರುಗಿಯೂ ನೋಡದಾಯಿತು.

"ಸನ್ಯಾಸಿ ಆಗ್ಬಿಟ್ಟಿದೆ ಮೇಡಂ," ಎಂದು ಮಾರ್ಗದರ್ಶಕಿಯ ಮುಂದೆ ನಕ್ಕಿದ್ದಳು.

ಮನೆಯಲ್ಲೂ ಅಂಥವನೊಬ್ಬನಿದ್ದ. ಸೂಜಿ ಚುಚ್ಚಿಕೊಳ್ಳುವ ಚಟ ಬಿಟ್ಟು ಚಿಕಿತ್ಸಾ ಕೇಂದ್ರದಿಂದ ಬಂದ ತಮ್ಮನನ್ನು ಅಮ್ಮ ಇವಳ ಬಾಡಿಗೆ ಕೋಣೆಗೇ ಕಳಿಸಿದ್ದಳು. "ನೀನು ಓದ್ತಿರೋದೇ ಇದನ್ನಲ್ವಾ, ನೋಡ್ಕೋ. ಇನ್ನೊಂದ್ಸಲ ಶುರು ಮಾಡಿದ್ರೆ ಅವನು ಉಳಿಯಲ್ಲ."

ತಮ್ಮ ಪಾತ್ರೆ ತೊಳೆಯುತ್ತಿದ್ದ. ಸಂಜೆ ಅವಳು ಬಂದೊಡನೆ ಪ್ರಯೋಗಾಲಯದ ಕೋಟನ್ನು ತಾನೇ ಇಸಿದುಕೊಂಡು ಬಾಗಿಲ ಹಿಂದೆ ನೇತುಹಾಕಿ, ಅದರ ಕೆಳಗೇ ಕೂತಿರುತ್ತಿದ್ದ. ಅಕ್ಕನ ಮೇಲೆ ಎಷ್ಟು ಪ್ರೀತಿ ಎಂದು ಅವಳು ಒಳಗೊಳಗೇ ಬೀಗುತ್ತಿದ್ದಳು.

ಇವತ್ತು ಪರೀಕ್ಷೆ. ಅಮಲಿಲ್ಲ, ಬರೀ ಹತ್ತಿ. ಇಲಿ ಮೂಗೆತ್ತಿತು. ನಡುಗುತ್ತಾ ಹೋಗಿ ಗುಂಡಿ ಒತ್ತಿತು. ಏನೂ ಬಾರದಿದ್ದರೂ ಒತ್ತುತ್ತಲೇ ಇತ್ತು.

"ಮರೆತಿರಲಿಲ್ಲ ನೋಡು. ಸುಮ್ನೆ ಕಾಯ್ತಾ ಇತ್ತು," ಎಂದರು ಮೇಡಂ.

ತನ್ನದೇ ಕೈಯ ವಾಸನೆ ಅವಳ ಮೂಗಿಗೆ ಬಡಿಯಿತು. ಸೂಜಿಗೆ ಮುನ್ನ ತಮ್ಮ ತೋಳು ಒರೆಸಿಕೊಳ್ಳುತ್ತಿದ್ದದ್ದೂ ಈ ಸ್ಪಿರಿಟ್‌ನಿಂದಲೇ. ಇಲಿಗೆ ಕಲಿಸಿದ ವಾಸನೆಯನ್ನೇ ದಿನಾ ಸಂಜೆ ಕೋಟಿನಲ್ಲಿ ಮನೆಗೆ ಹೊತ್ತೊಯ್ಯುತ್ತಿದ್ದಳು. ಇಷ್ಟು ಓದಿದವಳಿಗೆ ಅಷ್ಟೂ ಹೊಳೆಯಬಾರದೇ?

ಕೋಟನ್ನು ಅಲ್ಲೇ ಬಿಟ್ಟಳು. ಚರ್ಮ ಉರಿಯುವವರೆಗೆ ಸೋಪು ಹಾಕಿ ಕೈ ಉಜ್ಜಿಕೊಂಡಳು. ಮನೆಯತ್ತ ಓಡಿದಳು. ದಾರಿಯುದ್ದಕ್ಕೂ ಅವಳ ಕಿವಿಯಲ್ಲಿ ಗುಂಡಿಯ ಸದ್ದೇ.

ತಮ್ಮ ಬಾಗಿಲಲ್ಲೇ ಕಾಯುತ್ತಿದ್ದ. ಸದ್ಯ, ಬದುಕಿದೆ ಎಂದುಕೊಂಡಳು. ಆದರೆ ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ, ಖಾಲಿ ಕೈಗಳ ಮೇಲಿತ್ತು. ಬಲಗೈ ಹೆಬ್ಬೆರಳು ಎಡ ಮೊಣಕೈಯ ಒಳಮಡಿಕೆಯನ್ನು ತನ್ನಷ್ಟಕ್ಕೆ ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು.

"ಅಕ್ಕಾ," ಎಂದ ಮೆಲ್ಲಗೆ. "ಇವತ್ತು ಕೋಟು ಯಾಕೆ ತರ್ಲಿಲ್ಲ?"